ಮುಂಗಡ ಕೊಡುವ ಮೊದಲೇ ವಕೀಲರ ಬಳಿಗೆ: ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಜಮೀನು ಕೊಳ್ಳುವವರಿಗೆ

ಜಮೀನು ಕೊಳ್ಳುವವರು ವಕೀಲರ ಕಚೇರಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಬಹುಪಾಲು ಮುಂಗಡ ಕೊಟ್ಟಾಗಿರುತ್ತದೆ. ಛಾಪಾ ಕಾಗದದ ಮೇಲೆ ಕರಾರು ಬರೆಸಿ, ಊರಿನ ಇಬ್ಬರು ಹಿರಿಯರಿಂದ ಸಾಕ್ಷಿ ರುಜು ಹಾಕಿಸಿ, ನೋಂದಣಿಗೆ ದಿನವನ್ನೂ ಗೊತ್ತುಮಾಡಿಕೊಂಡು, "ಒಂದು ಸಲ ಪತ್ರಗಳನ್ನು ನೋಡಿಬಿಡಿ ಸಾರ್" ಎಂದು ಕಡತವನ್ನು ಮೇಜಿನ ಮೇಲಿಡುತ್ತಾರೆ. ಆಗ ಕಡತದಲ್ಲಿ ದೋಷ ಕಂಡರೆ, ಈ ಜಮೀನನ್ನು ಕೊಳ್ಳಬೇಕೇ ಬೇಡವೇ ಎಂದು ಹೇಳುವ ಕಾಲ ಮೀರಿರುತ್ತದೆ. ಕೊಟ್ಟ ಹಣವನ್ನು ಹೇಗೆ ವಾಪಸು ಪಡೆಯಬೇಕು ಎಂಬುದಷ್ಟೇ ವಕೀಲರು ಹೇಳಬಹುದಾದ ಮಾತಾಗಿ ಉಳಿಯುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟವಾಗಲಿ, ಕಡೂರು, ಅರಸೀಕೆರೆ ಕಡೆಯ ತೆಂಗಿನ ತೋಟವಾಗಲಿ, ಹಾಸನ ನಗರದ ಹೊರವಲಯದ ನಿವೇಶನವಾಗಲಿ, ವಕೀಲರಿಂದ ಯಾವ ಕೆಲಸವನ್ನು ಯಾವ ಹಂತದಲ್ಲಿ ಮಾಡಿಸಿಕೊಳ್ಳಬೇಕು ಎಂಬುದನ್ನು ತಿಳಿಸುವುದು ಈ ಬರಹದ ಉದ್ದೇಶ.

ನೋಂದಣಿಯಾದರೆ ಹಕ್ಕು ಬಂದಂತೆಯೇ?

ಉಪನೋಂದಣಾಧಿಕಾರಿಯ ಮೊಹರು ಬಿದ್ದ ಕ್ರಯಪತ್ರ ಕೈಗೆ ಬಂದರೆ ಜಮೀನು ತನ್ನದಾಯಿತು ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಪತ್ರ ಇರಲೇಬೇಕು ಎಂಬುದು ನಿಜ. ಆದರೆ 1908ರ ನೋಂದಣಿ ಕಾಯ್ದೆ ನೋಂದಾಯಿಸುವುದು ಪತ್ರವನ್ನೇ ಹೊರತು ಹಕ್ಕನ್ನಲ್ಲ. ಪತ್ರ ಬರೆದುಕೊಟ್ಟವರು ಇವರೇ ಹೌದೇ, ಮುದ್ರಾಂಕ ಶುಲ್ಕ ಸರಿಯಾಗಿ ಕಟ್ಟಲಾಗಿದೆಯೇ, ಬೇಕಾದ ನಮೂನೆಗಳು ಲಗತ್ತಾಗಿವೆಯೇ ಎಂಬುದನ್ನು ಅಧಿಕಾರಿ ನೋಡುತ್ತಾರೆ. ಮಾರುವವನಿಗೆ ಮಾರುವ ಹಕ್ಕು ಇದೆಯೇ ಎಂಬುದನ್ನು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. ತಮಿಳುನಾಡಿನ ನೋಂದಣಿ ನಿಯಮವೊಂದನ್ನು ರದ್ದುಪಡಿಸುತ್ತಾ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದ್ದೂ ಇದನ್ನೇ. ತನ್ನಲ್ಲಿ ಇಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲಾಗದು. ಆದ್ದರಿಂದ ನಿಮ್ಮ ಕ್ರಯಪತ್ರದ ಬಲ ಮಾರುವವನ ಹಕ್ಕಿನ ಬಲಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಿರುವುದಿಲ್ಲ.

ಕಂದಾಯ ಇಲಾಖೆಯ ಜಮೀನು ದಾಖಲೆಯಾದ ಪಹಣಿಯ ವಿಷಯವೂ ಹೀಗೆಯೇ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಪಹಣಿಯ ನಮೂದನ್ನು, ತಪ್ಪೆಂದು ಸಾಬೀತಾಗುವವರೆಗೆ, ನಿಜವೆಂದು ಭಾವಿಸಲಾಗುತ್ತದೆ. ಅಷ್ಟರಿಂದಲೇ ಅದು ಮಾಲೀಕತ್ವದ ಪತ್ರವಾಗುವುದಿಲ್ಲ ಎಂಬುದನ್ನು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಖಾತೆ ಯಾರ ಹೆಸರಿನಲ್ಲಿದೆ ಎಂದು ಕೇಳಿ ಸುಮ್ಮನಾಗುವವರು ಇದನ್ನು ನೆನಪಿಡಬೇಕು.

ಅಮೆರಿಕದ ಜಾರ್ಜಿಯಾ, ದಕ್ಷಿಣ ಕೆರೊಲಿನಾದಂಥ ರಾಜ್ಯಗಳಲ್ಲಿ ಆಸ್ತಿ ವ್ಯವಹಾರವನ್ನು ಮುಗಿಸಿಕೊಡಲು ವಕೀಲರು ಇರಲೇಬೇಕು. ಹಣವೂ ಅವರ ವಿಶ್ವಸ್ತ ಖಾತೆಯ ಮೂಲಕವೇ ಕೈ ಬದಲಾಗುತ್ತದೆ. ಹಕ್ಕಿನಲ್ಲಿ ಮುಂದೆ ದೋಷ ಕಂಡರೆ ನಷ್ಟ ತುಂಬಿಕೊಡುವ ವಿಮೆಯೂ ಅಲ್ಲಿ ವಾಡಿಕೆಯಲ್ಲಿದೆ. ನಮ್ಮಲ್ಲಿ ಈ ಮೂರೂ ಇಲ್ಲ. ವಕೀಲರಿಲ್ಲದೆಯೂ ಕ್ರಯ ನೋಂದಣಿಯಾಗುತ್ತದೆ, ಹಣ ನೇರವಾಗಿ ಮಾರುವವನ ಕೈ ಸೇರುತ್ತದೆ, ಸಾಮಾನ್ಯ ಖರೀದಿದಾರನಿಗೆ ಹಕ್ಕಿನ ವಿಮೆ ಎಂಬುದು ಕೇಳಿಯೂ ಗೊತ್ತಿಲ್ಲದ ಸಂಗತಿ. ಹೀಗಿರುವಾಗ ಪತ್ರಗಳ ಪರಿಶೀಲನೆಯೊಂದೇ ನಮಗಿರುವ ರಕ್ಷಣೆ.

ಯಾರ ವಕೀಲರು?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಉಪನೋಂದಣಿ ಕಚೇರಿಯ ಮುಂದೆ ಕುಳಿತಿರುವ ಪತ್ರ ಬರಹಗಾರರು ಅನುಭವಿಗಳು, ಕ್ರಯಪತ್ರದ ಒಕ್ಕಣೆ ಅವರಿಗೆ ಬಾಯಿಪಾಠ. ಆದರೆ ಹಕ್ಕನ್ನು ಪರಿಶೀಲಿಸಿ ಅಭಿಪ್ರಾಯ ಕೊಡುವುದು ಅವರ ಕೆಲಸವಲ್ಲ, ಅದರ ಹೊಣೆಯೂ ಅವರಿಗಿಲ್ಲ. ಮಾರುವವನ ವಕೀಲರು "ಎಲ್ಲಾ ಸರಿಯಿದೆ" ಎಂದರೆ ಅದು ಅವರ ಕಕ್ಷಿದಾರನ ಪರವಾದ ಮಾತು. ಖರ್ಚು ಉಳಿಸಲೆಂದು ಎರಡೂ ಕಡೆಯವರು ಒಬ್ಬರೇ ವಕೀಲರನ್ನು ಹಿಡಿಯುವ ರೂಢಿ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇದೆ. ದೋಷ ಕಂಡುಬಂದ ದಿನ ಆ ವಕೀಲರು ಯಾರಿಗೆ ನಿಷ್ಠರಾಗಿರಬೇಕು ಎಂಬುದಕ್ಕೆ ಉತ್ತರವಿಲ್ಲದ ಕಾರಣ, ಆ ಉಳಿತಾಯ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ಯಾಂಕಿನ ಸಾಲ ಪಡೆದು ಕೊಳ್ಳುವವರು ಇನ್ನೊಂದು ಭ್ರಮೆಯಲ್ಲಿರುತ್ತಾರೆ. ಬ್ಯಾಂಕಿನ ಪಟ್ಟಿಯಲ್ಲಿರುವ ವಕೀಲರು ಪತ್ರಗಳನ್ನು ನೋಡಿ ಒಪ್ಪಿದ್ದಾರೆ, ಇನ್ನೇಕೆ ಬೇರೆಯವರು ಎಂಬುದು ಅವರ ವಾದ. ಆ ವರದಿ ಬರೆದಿರುವುದು ಬ್ಯಾಂಕಿಗಾಗಿ. ಸಾಲ ವಸೂಲಾಗುವಷ್ಟು ಭದ್ರತೆ ಇದೆಯೇ ಎಂಬುದು ಬ್ಯಾಂಕಿನ ಕಾಳಜಿ. ಜಮೀನಿನೊಳಗೆ ಹಾದುಹೋಗುವ ಬಂಡಿದಾರಿಯ ತಕರಾರು ಅಥವಾ ಪಕ್ಕದ ಹಿಸ್ಸೆದಾರನೊಂದಿಗಿನ ಗಡಿಜಗಳ ಅದಕ್ಕೆ ಮುಖ್ಯವಾಗಲಿಕ್ಕಿಲ್ಲ, ನಿಮಗೆ ಮಾತ್ರ ಅದೇ ನಿತ್ಯದ ತಲೆನೋವು.

ಸಿವಿಲ್ ಪ್ರಕರಣಗಳನ್ನೂ ಕಂದಾಯ ಪ್ರಕರಣಗಳನ್ನೂ ನಡೆಸುವ, ಜಮೀನು ಇರುವ ತಾಲ್ಲೂಕಿನ ದಾಖಲೆಗಳ ಪರಿಚಯವಿರುವ ವಕೀಲರನ್ನು ಆರಿಸಿಕೊಳ್ಳಿ. ಎಷ್ಟು ವರ್ಷದ ಪರಿಶೀಲನೆ, ಯಾವ ಕಚೇರಿಗಳಲ್ಲಿ ಹುಡುಕಾಟ, ಲಿಖಿತ ಅಭಿಪ್ರಾಯ ಎಂದು ಕೈಸೇರಬೇಕು, ಶುಲ್ಕ ಎಷ್ಟು ಎಂಬುದನ್ನು ಮೊದಲೇ ಮಾತನಾಡಿ ಬರೆದುಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ವ್ಯವಹಾರ ಕುದುರಿದರೆ ಮಾತ್ರ ಶುಲ್ಕ ಎಂಬ ಒಪ್ಪಂದವನ್ನು ಮಾತ್ರ ಮಾಡಿಕೊಳ್ಳಬೇಡಿ. ಬೇಡ ಎಂದು ಹೇಳಲು ವಕೀಲರಿಗೆ ಸ್ವಾತಂತ್ರ್ಯವಿರಬೇಕು.

ಹಕ್ಕಿನ ಸರಪಳಿ

ಮಾರುವವನು ತನ್ನ ಹಕ್ಕಿನ ಪತ್ರಗಳನ್ನು ತೋರಿಸಬೇಕು, ಕೊಳ್ಳುವವನು ಕೇಳುವ ಸಮಂಜಸ ಪ್ರಶ್ನೆಗಳಿಗೆ ಉತ್ತರಿಸಬೇಕು, ತನಗೆ ಗೊತ್ತಿರುವ ದೋಷವನ್ನು ಮುಚ್ಚಿಡಬಾರದು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಹಾಗಾಗಿ ಪತ್ರಗಳನ್ನು ಕೇಳುವುದು ಅಪನಂಬಿಕೆಯ ಮಾತಲ್ಲ. ನೆಂಟರಿಂದ, ಗುರುತಿನವರಿಂದ ಕೊಳ್ಳುವಾಗ ಈ ಸಂಕೋಚವೇ ಜನರನ್ನು ಹಾಳುಮಾಡುತ್ತದೆ. ಆಗ ಪತ್ರಗಳನ್ನು ಕೇಳುವ ಕೆಲಸವನ್ನು ವಕೀಲರಿಗೆ ಒಪ್ಪಿಸಿಬಿಟ್ಟರೆ ಮಾತು ಮುಖಕ್ಕೆ ಮುಖ ಬರುವುದಿಲ್ಲ.

ಸಾಮಾನ್ಯವಾಗಿ 30 ವರ್ಷದ ಹಿಂದಿನಿಂದ ಇಂದಿನವರೆಗೆ ಜಮೀನು ಯಾರಿಂದ ಯಾರಿಗೆ, ಯಾವ ಪತ್ರದ ಮೂಲಕ ಬಂತು ಎಂಬುದನ್ನು ವಕೀಲರು ಒಂದೊಂದು ಕೊಂಡಿಯಾಗಿ ಜೋಡಿಸುತ್ತಾರೆ. ಈ 30 ವರ್ಷಕ್ಕೆ ಕಾರಣವಿದೆ. ಅಡಮಾನ ಬಿಡಿಸಿಕೊಳ್ಳುವ ದಾವೆಗೂ ಸರ್ಕಾರ ಹೂಡುವ ದಾವೆಗೂ 1963ರ ಕಾಲಮಿತಿ ಕಾಯ್ದೆ ಕೊಟ್ಟಿರುವ ಅವಧಿ 30 ವರ್ಷ. ಸರಿಯಾದ ಕಡೆಯಿಂದ ಬಂದ 30 ವರ್ಷ ಹಳೆಯ ದಸ್ತಾವೇಜಿಗೆ ಸಾಕ್ಷ್ಯ ಕಾನೂನು ವಿಶೇಷ ಮನ್ನಣೆಯನ್ನೂ ಕೊಡುತ್ತದೆ. ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ 30 ವರ್ಷಕ್ಕೆ ನಿಲ್ಲಿಸುವುದು ಸಾಲದು ಎಂದು ನಾನು ಹೇಳುತ್ತೇನೆ. ಇಲ್ಲಿನ ಜಮೀನುಗಳಲ್ಲಿ ದೊಡ್ಡ ಪಾಲು ಒಂದಲ್ಲ ಒಂದು ಕಾಲದಲ್ಲಿ ಸರ್ಕಾರದಿಂದ ಮಂಜೂರಾದದ್ದು, ಗೇಣಿದಾರನಿಗೆ ಸಿಕ್ಕಿದ್ದು ಅಥವಾ ಇನಾಂ ರದ್ದತಿಯಲ್ಲಿ ಮರುಮಂಜೂರಾದದ್ದು. ದೋಷ ಅಡಗಿರುವುದು ಆ ಮೂಲದಲ್ಲಿ. ಮೂಲ ಮುಟ್ಟದೆ ಬರೆದ ಅಭಿಪ್ರಾಯ ಅರ್ಧ ಅಭಿಪ್ರಾಯ.

ಋಣಭಾರ ಪ್ರಮಾಣಪತ್ರ, ಅಂದರೆ ಜನ ಇ.ಸಿ. ಎನ್ನುವ ಪತ್ರ, ಎರಡು ನಮೂನೆಯಲ್ಲಿ ಬರುತ್ತದೆ: ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. 2004ರಿಂದ ಈಚಿನ ವಿವರಗಳು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತವೆ. ಅದಕ್ಕೂ ಹಿಂದಿನವುಗಳಿಗೆ ಉಪನೋಂದಣಿ ಕಚೇರಿಯ ಹಳೆಯ ಸೂಚಿಗಳನ್ನು ಹುಡುಕಿಸಬೇಕು. ಇ.ಸಿ. ಖಾಲಿ ಬಂದಿತೆಂದು ಹಿಗ್ಗುವವರಿಗೆ ಒಂದು ಮಾತು: ನೋಂದಣಿಯಾಗದ ಕರಾರು, ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾರೀಕತ್ತು (ಪಾಲು ವಿಭಾಗ), ನಡೆಯುತ್ತಿರುವ ದಾವೆ, ಬಾಕಿ ಕಂದಾಯ, ಇವು ಯಾವುವೂ ಅದರಲ್ಲಿ ಕಾಣುವುದಿಲ್ಲ. ಸರ್ವೆ ನಂಬರನ್ನು ತಪ್ಪಾಗಿ ಕೊಟ್ಟು ಅರ್ಜಿ ಹಾಕಿದರೂ ಖಾಲಿ ಪತ್ರವೇ ಬರುತ್ತದೆ. ಹಿಸ್ಸಾ ನಂಬರು, ಅಂದರೆ ಸರ್ವೆ ನಂಬರಿನ ಉಪಭಾಗದ ಸಂಖ್ಯೆ, ಬದಲಾಗಿದ್ದರೆ ಹಳೆಯ ನಂಬರಿನಲ್ಲಿಯೂ ಹೊಸ ನಂಬರಿನಲ್ಲಿಯೂ ಬೇರೆ ಬೇರೆಯಾಗಿ ಹುಡುಕಿಸಬೇಕು.

ಪಹಣಿಯನ್ನು ಓದುವಾಗ 9ನೇ ಅಂಕಣದ ಮಾಲೀಕರ ಹೆಸರನ್ನಷ್ಟೇ ನೋಡಿ ಮಡಚಿಡಬಾರದು. ಆ ಹೆಸರು ಯಾವ ಎಂ.ಆರ್. (ಖಾತೆ ಬದಲಾವಣೆಯ ವಹಿಯ ನಮೂದು) ಮೂಲಕ ಬಂತು ಎಂಬುದು 10ನೇ ಅಂಕಣದಲ್ಲಿದೆ. ಸಹಕಾರ ಸಂಘದ ಸಾಲ, ನ್ಯಾಯಾಲಯದ ತಡೆಯಾಜ್ಞೆ, ಪರಭಾರೆ (ಬೇರೆಯವರಿಗೆ ವರ್ಗಾವಣೆ) ನಿಷೇಧದಂಥ ಷರತ್ತುಗಳು 11ನೆಯದರಲ್ಲಿ ಕಾಣುತ್ತವೆ. ಸಾಗುವಳಿ ಯಾರದ್ದು ಎಂಬುದು 12ನೆಯದರಲ್ಲಿ. ಭೂಮಿ ಯೋಜನೆಯಡಿ ಪಹಣಿ ಗಣಕೀಕೃತವಾಗುವಾಗ ಹಳೆಯ ಕೈಬರಹದ ಪಹಣಿಯಲ್ಲಿದ್ದ ಷರತ್ತು ಬಿಟ್ಟುಹೋಗಿರುವ ಸಾಧ್ಯತೆ ಇರುವುದರಿಂದ, ಕೈಬರಹದ ಪ್ರತಿಗಳನ್ನೂ ಎಂ.ಆರ್. ಉದ್ಧೃತಗಳನ್ನೂ ತರಿಸಿ ಹೋಲಿಸಿ ನೋಡುವಂತೆ ವಕೀಲರನ್ನು ಕೇಳಿ.

ಹಳೆಯ ಪತ್ರ ಓದುವುದೂ ಒಂದು ವಿದ್ಯೆ. ಚಿಕ್ಕಮಗಳೂರು ಜಿಲ್ಲೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಸಿಕೊಳ್ಳುತ್ತಿತ್ತು. ಸಕಲೇಶಪುರದ ಹಳೆಯ ಪತ್ರಗಳಲ್ಲಿ ಮಂಜರಾಬಾದ್ ತಾಲ್ಲೂಕು ಎಂದಿರುತ್ತದೆ. ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿನಲ್ಲಿತ್ತು, ಕಳಸ ಮೂಡಿಗೆರೆಯಲ್ಲಿತ್ತು. ಅಲ್ಲಿನ ಜಮೀನಿನ ಹಳೆಯ ಕಡತಕ್ಕೆ ಹಳೆಯ ತಾಲ್ಲೂಕು ಕೇಂದ್ರಕ್ಕೇ ಹೋಗಬೇಕಾಗಬಹುದು. ಇಂಥ ಸಂಗತಿ ಗೊತ್ತಿಲ್ಲದವರು ಬೆಂಗಳೂರಿನಲ್ಲಿ ಕುಳಿತು ಜಾಲತಾಣದಲ್ಲಿ ಸಿಕ್ಕಿದ್ದನ್ನಷ್ಟೇ ನೋಡಿ ವರದಿ ಬರೆಯುತ್ತಾರೆ.

ನಮ್ಮ ಸೀಮೆಯ ತೊಡಕುಗಳು

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಮಂಜೂರಾತಿಯ ಷರತ್ತಿಗೆ ವಿರುದ್ಧವಾಗಿ ಅಥವಾ ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆ ನಿಷೇಧಿಸುತ್ತದೆ. ಕಚೇರಿಗಳಲ್ಲಿ ಇದನ್ನು ಪಿ.ಟಿ.ಸಿ.ಎಲ್. ಕಾಯ್ದೆ ಎನ್ನುತ್ತಾರೆ. ಹಾಗೆ ಮಾಡಿದ ಕ್ರಯ ಎಷ್ಟು ಸಲ ನೋಂದಣಿಯಾಗಿದ್ದರೂ, ಎಷ್ಟು ಕೈ ದಾಟಿದ್ದರೂ ಶೂನ್ಯ. ಉಪವಿಭಾಗಾಧಿಕಾರಿಗಳು ಜಮೀನನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಹುದು. ತಡವಾಗಿ ಅರ್ಜಿ ಹಾಕಿದರೆಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2017ರಲ್ಲಿ ಮರಳಿಸುವಿಕೆಯನ್ನು ಒಪ್ಪದಿದ್ದ ಬಳಿಕ, ಕಾಲಮಿತಿ ಅಡ್ಡಿಯಾಗಬಾರದೆಂದು ರಾಜ್ಯ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು. ಭೂಮಿಯಿಲ್ಲದವರಿಗೆ ಕೊಟ್ಟ ಭೂಮಿ ಅವರಲ್ಲೇ ಉಳಿಯಲಿ ಎಂಬುದು ಕಾಯ್ದೆಯ ಆಶಯ, ಅದು ನ್ಯಾಯವಾದದ್ದೂ ಹೌದು. ಕೊಳ್ಳುವವನು ಮಾಡಬೇಕಾದದ್ದು ಇಷ್ಟೇ: ಮೂಲ ಸಾಗುವಳಿ ಚೀಟಿ (ಭೂಮಿ ಮಂಜೂರಾದದ್ದಕ್ಕೆ ಕೊಟ್ಟ ಪತ್ರ) ಮತ್ತು ಮಂಜೂರಾತಿ ಕಡತದ ದೃಢೀಕೃತ ನಕಲು ನೋಡದೆ ಒಂದು ರೂಪಾಯಿಯನ್ನೂ ಕೊಡಬಾರದು. "ಆ ಕಡತ ಸಿಗುತ್ತಿಲ್ಲ" ಎಂಬುದು ಸಮಜಾಯಿಷಿಯಲ್ಲ, ಎಚ್ಚರಿಕೆ.

ದರಖಾಸ್ತು (ಅರ್ಜಿಯ ಮೇಲಿನ ಮಂಜೂರಾತಿ), ಬಗರ್ ಹುಕುಂ (ಅನುಮತಿಯಿಲ್ಲದ ಸಾಗುವಳಿಯ ಸಕ್ರಮ) ಮೂಲಕ ಬಂದ ಇತರರ ಭೂಮಿಗೂ ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತದೆ. ಅವಧಿ ಮುಗಿದಿದೆಯೇ ಎಂಬುದನ್ನು ಮಂಜೂರಾತಿ ಆದೇಶದಿಂದಲೇ ಎಣಿಸಬೇಕು, ಮಾರುವವನ ನೆನಪಿನಿಂದಲ್ಲ. 1974ರ ಮಾರ್ಚ್ 1ರಂದು ಗೇಣಿ ಭೂಮಿಗಳು ಸರ್ಕಾರದಲ್ಲಿ ನಿಹಿತವಾಗಿ, ಏಳನೇ ನಮೂನೆ ಅರ್ಜಿ ಹಾಕಿದವರಿಗೆ ಭೂನ್ಯಾಯ ಮಂಡಳಿಗಳು ಅಧಿಭೋಗದ ಹಕ್ಕು, ಅಂದರೆ ಭೂಮಿಯನ್ನು ತಮ್ಮದಾಗಿ ಹೊಂದುವ ಹಕ್ಕು, ಕೊಟ್ಟವು. ಅಂಥ ಭೂಮಿಯನ್ನು 15 ವರ್ಷ ಪರಭಾರೆ ಮಾಡುವಂತಿರಲಿಲ್ಲ. ಈಗ ಬಹಳಷ್ಟು ಪ್ರಕರಣಗಳಲ್ಲಿ ಆ ಅವಧಿ ಕಳೆದಿದೆಯಾದರೂ, ಮಂಡಳಿಯ ಆದೇಶ ಹೈಕೋರ್ಟಿಗೆ ಹೋಗಿ ಮರುವಿಚಾರಣೆಗೆ ಬಂದಿದ್ದರೆ ಲೆಕ್ಕ ಬೇರೆಯಾಗುತ್ತದೆ. ಬಯಲುಸೀಮೆಯ ಕಡೆ ತೋಟಿ, ತಳವಾರಿಕೆ, ಶಾನುಭೋಗಿಕೆಯಂಥ ಗ್ರಾಮ ಹುದ್ದೆಗಳಿಗೆ ಬಿಟ್ಟಿದ್ದ ಭೂಮಿಗಳು ಸಿಗುತ್ತವೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಅವು ಮರುಮಂಜೂರಾಗಿರಬೇಕು, ಆ ಆದೇಶವನ್ನು ನೋಡಬೇಕು. ಹಾಸನ ಜಿಲ್ಲೆಯಲ್ಲಿ ಗೊರೂರಿನ ಹೇಮಾವತಿ ಜಲಾಶಯದ ಮುಳುಗಡೆ ಸಂತ್ರಸ್ತರಿಗೆ ಕೊಟ್ಟ ಭೂಮಿಯೂ ಇದೆ. ಅದನ್ನು ಕೊಳ್ಳುವಾಗ, ಪಹಣಿಯಲ್ಲಿರುವ ಹೆಸರು ನಿಜವಾದ ಸಂತ್ರಸ್ತರದ್ದೇ, ಮಂಜೂರಾತಿ ಆದೇಶ ಮೂಲ ಕಡತಕ್ಕೆ ತಾಳೆಯಾಗುತ್ತದೆಯೇ ಎಂಬುದನ್ನು ತಿಳಿಯದೆ ಮುಂದುವರಿಯಬಾರದು.

ಇನ್ನು ಮಲೆನಾಡಿನ ತೋಟಗಳು. ಮಾರುವವನು ಬೇಲಿಯ ಉದ್ದಕ್ಕೂ ನಡೆದಾಡಿಸಿ "ಇದಿಷ್ಟೂ ನಮ್ಮದೇ" ಎಂದು ತೋರಿಸುವ ಹತ್ತು ಎಕರೆಯಲ್ಲಿ ಹಿಡುವಳಿ ಆರು ಎಕರೆಯಿದ್ದು, ಉಳಿದದ್ದು ಒತ್ತುವರಿಯಾಗಿರುವುದು ಇಲ್ಲಿ ಅಪರೂಪವೇನಲ್ಲ. ಕಾಫಿ ಗಿಡಕ್ಕೆ ಸರ್ಕಾರಿ ಭೂಮಿಯೂ ಒಂದೇ, ಹಿಡುವಳಿ ಭೂಮಿಯೂ ಒಂದೇ. ಬೆಲೆ ಮಾತ್ರ ಹತ್ತು ಎಕರೆಯ ಲೆಕ್ಕದಲ್ಲಿ ಹೇಳುತ್ತಾರೆ. ಒತ್ತುವರಿ ಮಾಡಿದ ಕಂದಾಯ ಭೂಮಿಯನ್ನು ತೋಟಗಾರರಿಗೆ 30 ವರ್ಷದ ಗುತ್ತಿಗೆಗೆ ಕೊಡುವ ಅವಕಾಶವನ್ನು ರಾಜ್ಯ ಸರ್ಕಾರ ಕಲ್ಪಿಸಿದೆಯಾದರೂ, ಗುತ್ತಿಗೆಯು ಮಾಲೀಕತ್ವವಲ್ಲ, ಅದನ್ನು ಕ್ರಯಪತ್ರದಲ್ಲಿ ಮಾರಲು ಬರುವುದಿಲ್ಲ. ಕಾಫಿ ಮಂಡಳಿಯ ನೋಂದಣಿ ಪತ್ರವೂ ಹಕ್ಕಿಗೆ ಆಧಾರವಲ್ಲ. ಪಹಣಿಯ 3ನೇ ಅಂಕಣದಲ್ಲಿ ಖರಾಬು ಎಷ್ಟಿದೆ ಎಂದು ನೋಡಿ: ಕೃಷಿಗೆ ಬಾರದ 'ಅ' ಖರಾಬು ಹಿಡುವಳಿಯ ಜೊತೆಗೇ ಇರುತ್ತದೆ, ಹಳ್ಳ, ದಾರಿಯಂಥ ಸಾರ್ವಜನಿಕ ಉಪಯೋಗದ 'ಬ' ಖರಾಬು ಸರ್ಕಾರದ್ದು. 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಕಲಮಿನಡಿ ಅಧಿಸೂಚನೆಯಾದ ಪ್ರದೇಶದೊಳಗೆ ಸರ್ವೆ ನಂಬರು ಬರುತ್ತದೆಯೇ, ಪರಿಭಾವಿತ ಅರಣ್ಯದ (ಡೀಮ್ಡ್ ಫಾರೆಸ್ಟ್) ಪಟ್ಟಿಯಲ್ಲಿದೆಯೇ ಎಂಬುದನ್ನು ಅರಣ್ಯ ಇಲಾಖೆಯಿಂದ ಬರಹದಲ್ಲಿ ಪಡೆಯಬೇಕು. ಪಹಣಿಯಲ್ಲಿ ಖಾಸಗಿ ಹೆಸರಿದ್ದೂ ಅರಣ್ಯದ ಅಧಿಸೂಚನೆಯಲ್ಲಿ ಅದೇ ಸರ್ವೆ ನಂಬರಿರುವ ಜಮೀನುಗಳಿಗಾಗಿಯೇ ಕಂದಾಯ ಮತ್ತು ಅರಣ್ಯ ಇಲಾಖೆಗಳ ನಡುವೆ ವರ್ಷಗಟ್ಟಲೆ ಜಂಟಿ ಸರ್ವೆ ನಡೆಯುತ್ತಿರುತ್ತದೆ.

ನಿವೇಶನ ಕೊಳ್ಳುವವರಿಗೆ ಇಷ್ಟು ಆಳದ ಅಗೆತ ಬೇಕಾಗುವುದಿಲ್ಲ ಎಂದುಕೊಳ್ಳಬೇಡಿ. ಬಡಾವಣೆ ಎದ್ದಿರುವುದು ಇಂಥದೇ ಯಾವುದೋ ಸರ್ವೆ ನಂಬರಿನ ಮೇಲೆ. ಭೂಪರಿವರ್ತನೆಯ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, 500 ಚದರ ಮೀಟರ್ ಅಥವಾ 8 ನಿವೇಶನಗಳನ್ನು ಮೀರಿದ ಯೋಜನೆಯಾಗಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಇವನ್ನು ವಕೀಲರು ನೋಡಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಆಸ್ತಿ ದಾಖಲೆಯ ತಂತ್ರಾಂಶವಾದ ಇ-ಸ್ವತ್ತುವಿನ ನಮೂನೆ 9 ಮತ್ತು 11ಎ ಇರಬೇಕು. ನಗರದಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತೆಯಿಲ್ಲದೆ ನೋಂದಣಿಯಿಲ್ಲ.

ಮನೆತನದೊಳಗಿನ ಪಾಲು

"ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಕೊಟ್ಟು ಕಳಿಸಿದ್ದೇವೆ" ಎಂಬ ಮಾತು ಕೇಳಿದ ಕೂಡಲೇ ಕೊಳ್ಳುವವನು ಕಿವಿ ನಿಮಿರಿಸಬೇಕು. ಹಿಂದೂ ಅವಿಭಕ್ತ ಕುಟುಂಬದಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರ ಜುಲೈ 30ರಿಂದಲೇ ಸಮಪಾಲು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲ, ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ವಿಭಾಗವಾಗಿದ್ದರೆ ಮಾತ್ರ ಮಾತು ಬೇರೆ. ಮದುವೆಯಲ್ಲಿ ಕೊಟ್ಟ ಒಡವೆ ಪಾಲಿನ ಬದಲಿಯಾಗುವುದಿಲ್ಲ. ಪಿತ್ರಾರ್ಜಿತ ಸ್ವತ್ತಾಗಿದ್ದರೆ ಹೆಣ್ಣುಮಕ್ಕಳೆಲ್ಲರೂ ಕ್ರಯಪತ್ರಕ್ಕೆ ರುಜು ಮಾಡಬೇಕು ಅಥವಾ ನೋಂದಾಯಿತ ಹಕ್ಕು ಖುಲಾಸೆ ಪತ್ರ ಬರೆದುಕೊಟ್ಟಿರಬೇಕು. ವಂಶವೃಕ್ಷವನ್ನು ಕಚೇರಿಯ ಪ್ರತಿಯಲ್ಲಿ ನೋಡಿದರೆ ಸಾಲದು. ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸಿ, ಬಿಟ್ಟುಹೋದ ಹೆಸರಿದೆಯೇ ಎಂದು ತಿಳಿದುಕೊಳ್ಳಿ. ಈ ಕೆಲಸವನ್ನು ವಕೀಲರಿಗಿಂತ ನೀವೇ ಚೆನ್ನಾಗಿ ಮಾಡಬಲ್ಲಿರಿ.

ಪಾಲುದಾರರಲ್ಲಿ ಅಪ್ರಾಪ್ತ ವಯಸ್ಕರಿದ್ದರೆ, ಅವರ ಪ್ರತ್ಯೇಕ ಸ್ವತ್ತನ್ನು ಪೋಷಕರು ಮಾರಲು ನ್ಯಾಯಾಲಯದ ಅನುಮತಿ ಬೇಕು. ಅನುಮತಿಯಿಲ್ಲದ ಮಾರಾಟವನ್ನು ಆ ಮಗು ಪ್ರಾಪ್ತ ವಯಸ್ಸಿಗೆ ಬಂದ 3 ವರ್ಷದೊಳಗೆ ಪ್ರಶ್ನಿಸಬಹುದು. ತೋಟದ ಒಡೆಯರು ಹೊರದೇಶದಲ್ಲಿದ್ದು ಅಧಿಕಾರ ಪತ್ರ ಕಳಿಸಿದ್ದರೆ, ಅದರಲ್ಲಿ ಮಾರುವ ಅಧಿಕಾರ ಸ್ಪಷ್ಟವಾಗಿದೆಯೇ, ಅದು ಭಾರತಕ್ಕೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಲಾಗಿದೆಯೇ, ಕೊಟ್ಟವರು ಇಂದಿಗೂ ಬದುಕಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅಧಿಕಾರವೂ ತೀರಿತು. ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಮೂಲಕವೇ ಜಮೀನು ಕೊಂಡಿದ್ದೇನೆ ಎನ್ನುವವರಿಂದ ದೂರವಿರಿ. ಅದರಿಂದ ಹಕ್ಕು ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ದಾವೆ, ಸಾಲ, ಸ್ವಾಧೀನ

ಮಾರುವವರ ಮತ್ತು ಹಿಂದಿನ ಮಾಲೀಕರ ಹೆಸರಿನಲ್ಲಿ ಇ-ಕೋರ್ಟ್ಸ್ ತಾಣದಲ್ಲಿ ಹುಡುಕಿದರೆ ಸಿವಿಲ್ ದಾವೆಗಳು ಕಾಣುತ್ತವೆ. ಪಿ.ಟಿ.ಸಿ.ಎಲ್. ಅರ್ಜಿ, ಖಾತೆ ಬದಲಾವಣೆಯ ಮೇಲ್ಮನವಿ ಮುಂತಾದವು ಅಲ್ಲಿ ಸಿಗುವುದಿಲ್ಲ, ಏಕೆಂದರೆ ಅವು ನಡೆಯುವುದು ಉಪವಿಭಾಗಾಧಿಕಾರಿಗಳ ನ್ಯಾಯಾಲಯದಲ್ಲಿ. ಹಾಸನ ಜಿಲ್ಲೆಗೆ ಹಾಸನ, ಸಕಲೇಶಪುರ ಉಪವಿಭಾಗಗಳು, ಚಿಕ್ಕಮಗಳೂರು ಜಿಲ್ಲೆಗೆ ಚಿಕ್ಕಮಗಳೂರು, ತರೀಕೆರೆ ಉಪವಿಭಾಗಗಳು. ಜಮೀನು ಯಾವುದಕ್ಕೆ ಸೇರುತ್ತದೆಯೋ ಅಲ್ಲಿ ವಿಚಾರಿಸಬೇಕು. ದಾವೆ ನಡೆಯುತ್ತಿರುವಾಗ ಕೊಂಡವನು ತೀರ್ಪಿಗೆ ಕಟ್ಟುಬೀಳುತ್ತಾನೆ, ನನಗೆ ಗೊತ್ತಿರಲಿಲ್ಲ ಎಂಬುದು ಅವನನ್ನು ಉಳಿಸದು. ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲಕ್ಕೆ ಸೆರ್ಸಾಯ್, ಅಂದರೆ ಅಡಮಾನಗಳ ಕೇಂದ್ರ ನೋಂದಣಿ ಸಂಸ್ಥೆಯ, ದಾಖಲೆಯಲ್ಲಿ ಹುಡುಕಾಟ ಮಾಡಿಸಿ. ಮೂಲ ಪತ್ರ ಕಳೆದುಹೋಗಿದೆ ಎಂದು ನಕಲು ತೋರಿಸುವವರ ಬಗ್ಗೆ ಈ ಹುಡುಕಾಟ ತಪ್ಪಿಸಲೇಬಾರದು.

ಜಮೀನಿನಲ್ಲಿ ವಾಸ್ತವವಾಗಿ ಯಾರು ಇದ್ದಾರೋ ಅವರ ಹಕ್ಕಿನ ತಿಳಿವಳಿಕೆ ಕೊಳ್ಳುವವನಿಗೆ ಇತ್ತೆಂದೇ ಕಾನೂನು ಭಾವಿಸುತ್ತದೆ. ಆದ್ದರಿಂದ ಜಮೀನಿಗೆ ಹೋಗಿ, ಸಾಗುವಳಿ ಮಾಡುವವರೊಂದಿಗೆ ಮಾತನಾಡಿ, ಚೆಕ್ಕುಬಂದಿಯ (ಗಡಿಯ) ನಾಲ್ಕೂ ಕಡೆಯವರನ್ನು ಕಂಡು ಬನ್ನಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ ಸರ್ವೆ ಇಲಾಖೆಯ 11ಇ ನಕ್ಷೆ ಬೇಕು.

ಇಷ್ಟೆಲ್ಲ ಆದ ಮೇಲೆ ವಕೀಲರು ಬರೆದುಕೊಡುವ ಅಭಿಪ್ರಾಯವನ್ನು ಓದದೆ ಕಪಾಟಿನಲ್ಲಿಡಬೇಡಿ. ಅದರಲ್ಲಿ ನೋಡಿದ ಪತ್ರಗಳ ಪಟ್ಟಿ, ನೋಡಲಾಗದೇ ಹೋದವುಗಳ ಪಟ್ಟಿ, ಹಕ್ಕಿನ ಸರಪಳಿ, ಮಾರುವವನು ಪೂರೈಸಬೇಕಾದ ಷರತ್ತುಗಳು ಇರಬೇಕು. ಎರಡನೆಯ ಪಟ್ಟಿಯೇ ಹೆಚ್ಚು ಮುಖ್ಯ. ಸಂಶಯ ಉಳಿದರೆ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ ತಕರಾರುಗಳನ್ನು ಆಹ್ವಾನಿಸಬಹುದು. ಅದು ಕಾನೂನಿನ ಕಡ್ಡಾಯವಲ್ಲ, ಆದರೆ ಮೂಲೆಯಲ್ಲಿ ಕುಳಿತ ದಾಯಾದಿಯನ್ನು ಹೊರಗೆ ತರುವುದರಲ್ಲಿ ಅದಕ್ಕೆ ಸಮನಾದದ್ದಿಲ್ಲ.

ಕರಾರಿನಿಂದ ನೋಂದಣಿಯವರೆಗೆ

ಮುಂಗಡ ಕೊಡುವ ಕಾಲ ಈಗ ಬಂತು. ಕ್ರಯದ ಕರಾರನ್ನು ನಿಮ್ಮ ವಕೀಲರೇ ಬರೆಯಲಿ. ಮಾರುವವನು ಯಾವ ಪತ್ರವನ್ನು ಯಾವ ದಿನದೊಳಗೆ ತರಬೇಕು, ತಾರದಿದ್ದರೆ ಮುಂಗಡ ಎಷ್ಟು ದಿನದಲ್ಲಿ ವಾಪಸು, ಬೆಲೆ ಎಕರೆಗೋ ಒಟ್ಟಾರೆಯೋ, ಅಳತೆಯಲ್ಲಿ ಗುಂಟೆ ಕಡಿಮೆ ಬಂದರೆ ಲೆಕ್ಕ ಹೇಗೆ, ಮರದ ಮೇಲಿರುವ ಫಸಲು ಯಾರದ್ದು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಕಾಫಿ ತೋಟದಲ್ಲಿ ಈ ಕೊನೆಯ ಮಾತನ್ನು ಮರೆತವರು ಕೊಯ್ಲಿನ ಕಾಲದಲ್ಲಿ ಜಗಳಕ್ಕೆ ನಿಲ್ಲುತ್ತಾರೆ. ಕರಾರನ್ನು ಜಾರಿಮಾಡಿಸುವ ದಾವೆಗೆ ಇರುವುದು 3 ವರ್ಷದ ಕಾಲಮಿತಿ. ಸ್ವಾಧೀನ ಸಹಿತದ ಕರಾರಾದರೆ ನೋಂದಾಯಿಸದಿದ್ದರೆ ರಕ್ಷಣೆಯಿಲ್ಲ, ಮುದ್ರಾಂಕ ಶುಲ್ಕವೂ ಕ್ರಯಪತ್ರದಷ್ಟೇ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಬ್ಯಾಂಕಿನ ಮೂಲಕ ಕೊಟ್ಟ ಹಣವೇ ಮುಂದೆ ನಿಮ್ಮ ಸಾಕ್ಷಿ.

ಕ್ರಯಪತ್ರದ ಕರಡಿನಲ್ಲಿ ವಕೀಲರು ನೋಡಬೇಕಾದ ಮುಖ್ಯ ಭಾಗ ಷೆಡ್ಯೂಲು. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖರಾಬು, ಚೆಕ್ಕುಬಂದಿ, ಬಾವಿ, ಕೆರೆ, ಕಾರ್ಮಿಕರ ಲೈನು ಮನೆಗಳು, ತೋಟಕ್ಕೆ ಬರುವ ದಾರಿಯ ಹಕ್ಕು ಎಲ್ಲವೂ ಅಲ್ಲಿರಬೇಕು. ಹಕ್ಕಿನಲ್ಲಿ ದೋಷ ಬಂದರೆ ಮಾರುವವನು ನಷ್ಟ ತುಂಬಿಕೊಡುವ ಭರವಸೆಯ ವಾಕ್ಯವೂ ಇರಲಿ.

ಮುದ್ರಾಂಕ ಶುಲ್ಕವನ್ನು ಕ್ರಯದ ಮೊತ್ತ ಮತ್ತು ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆಗಳಲ್ಲಿ ಹೆಚ್ಚಿನದರ ಮೇಲೆ ಎಣಿಸುತ್ತಾರೆ. ಗ್ರಾಮಾಂತರದಲ್ಲಿ 60 ಲಕ್ಷ ರೂಪಾಯಿಯ ಜಮೀನಿಗೆ ಶೇ 5ರಂತೆ ಶುಲ್ಕ 3,00,000. ಅದರ ಮೇಲೆ ಶೇ 10ರ ಉಪಕರ 30,000, ಶೇ 3ರ ಅಧಿಭಾರ 9,000. 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿರುವ ನೋಂದಣಿ ಶುಲ್ಕ 1,20,000. ಒಟ್ಟು 4,59,000 ರೂಪಾಯಿ. ಗ್ರಾಮೀಣ ಕೃಷಿ ಭೂಮಿಯಲ್ಲದ, 50 ಲಕ್ಷ ಅಥವಾ ಮೇಲ್ಪಟ್ಟ ಸ್ವತ್ತಾದರೆ ಕೊಳ್ಳುವವನು ಶೇ 1ರಷ್ಟು ತೆರಿಗೆಯನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು.

ಕಾವೇರಿ 2.0ರಲ್ಲಿ ಕರಡನ್ನು ಮೊದಲೇ ಸಲ್ಲಿಸಿ, ಅಧಿಕಾರಿ ನೋಡಿದ ಮೇಲೆ ಶುಲ್ಕ ಕಟ್ಟಿ, ಸಮಯ ಕಾದಿರಿಸಿ ಕಚೇರಿಗೆ ಹೋಗಬೇಕು. ಅಲ್ಲಿ ಭಾವಚಿತ್ರ, ಹೆಬ್ಬೆಟ್ಟು, ರುಜು. ಪತ್ರ ಬರೆದುಕೊಟ್ಟ ದಿನದಿಂದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಅಂದು ಬೆಳಗ್ಗೆ ಇ.ಸಿ.ಯನ್ನೂ ಪಹಣಿಯನ್ನೂ ಹೊಸದಾಗಿ ತೆಗೆದು ನೋಡುವುದು ಒಳ್ಳೆಯ ವಕೀಲರ ಅಭ್ಯಾಸ, ಏಕೆಂದರೆ ಹಿಂದಿನ ಹುಡುಕಾಟದ ದಿನಕ್ಕೂ ಇಂದಿಗೂ ನಡುವೆ ಯಾರೋ ಏನನ್ನೋ ನೋಂದಾಯಿಸಿರಬಹುದು. ಉಳಿದ ಹಣದ ಡಿ.ಡಿ.ಯನ್ನು ರುಜು ಬಿದ್ದ ಮೇಲೆ ವಕೀಲರ ಎದುರಿನಲ್ಲಿ ಕೊಡಿ. ಮಾರುವವನ ಬ್ಯಾಂಕ್ ಸಾಲ ಬಾಕಿಯಿದ್ದರೆ ಆ ಮೊತ್ತದ ಡಿ.ಡಿ. ನೇರವಾಗಿ ಬ್ಯಾಂಕಿನ ಹೆಸರಿಗೇ ಇರಲಿ.

ಪೂರ್ತಿ ಹಣ ಕೊಟ್ಟ ಮೇಲೆ ಮೂಲ ಪತ್ರಗಳೆಲ್ಲ ನಿಮ್ಮ ಕೈಸೇರಬೇಕು. ಮಾರುವವನು ಅದೇ ಪತ್ರದ ಕೆಳಗೆ ಬರುವ ಬೇರೆ ಜಮೀನನ್ನು ಉಳಿಸಿಕೊಂಡಿದ್ದರೆ ಮೂಲ ಅವನಲ್ಲಿಯೇ ಉಳಿಯಬಹುದು. ಆಗ ದೃಢೀಕೃತ ನಕಲು ಪಡೆದು, ಬೇಕಾದಾಗ ಮೂಲವನ್ನು ಹಾಜರುಪಡಿಸುವ ಹೊಣೆಯನ್ನು ಕ್ರಯಪತ್ರದಲ್ಲೇ ಬರೆಸಬೇಕು. ನೋಂದಣಿಯ ವಿವರ ತಾನಾಗಿಯೇ ಭೂಮಿ ತಂತ್ರಾಂಶಕ್ಕೆ ಹೋಗಿ ಖಾತೆ ಬದಲಾವಣೆಯ ಪ್ರಕ್ರಿಯೆ ಆರಂಭವಾಗುತ್ತದೆಯಾದರೂ, ನೋಟಿಸಿನ ಅವಧಿಯಲ್ಲಿ ಯಾರಾದರೂ ತಕರಾರು ಹಾಕಿದರೆ ಕಡತ ತಹಶೀಲ್ದಾರರ ಮುಂದೆ ನಿಲ್ಲುತ್ತದೆ. ಹಾಗಾಗಿ ಹೊಸ ಪಹಣಿಯ 9ನೇ ಅಂಕಣದಲ್ಲಿ ನಿಮ್ಮ ಹೆಸರು, 11ನೇ ಅಂಕಣದಲ್ಲಿ ಹಳೆಯ ಸಾಲದ ನಮೂದು ತೆಗೆದಿರುವುದು, ಇವೆರಡನ್ನೂ ಕಣ್ಣಾರೆ ನೋಡಿದ ಮೇಲೆಯೇ ವಕೀಲರ ಕಡತವನ್ನು ಮುಚ್ಚಿಸಿ.